ದೊಡ್ಡಪ್ಪ ಕೂಗಿಕೊಂಡಿದ್ದರು

ಕಳೆದ ತಿಂಗಳು ಬ್ಯಾಂಕಿನ ಕೆಲಸದ ಮೇಲೆ ಮತ್ತೆ ವಿಶಾಖಪಟ್ಟಣಕ್ಕೆ ಹೋಗಿದ್ದೆ. ದ್ವಾರಕಾ ನಗರದಲ್ಲಿ ನಮ್ಮ ಹಳೆಯ ಶಾಖೆಯ ಎದುರು ಗಾಡಿಯೊಂದರಲ್ಲಿ ಪುನುಗುಲು ಕರಿಯುತ್ತಿದ್ದರು. ಹುಳಿ ಬಂದ ದೋಸೆ ಹಿಟ್ಟನ್ನು ಸಣ್ಣ ಉಂಡೆಗಳಾಗಿ ಎಣ್ಣೆಗೆ ಬಿಡುವ ತಿಂಡಿ ಅದು. ಆ ವಾಸನೆಗೆ ಸಮುದ್ರದ ಉಪ್ಪುಗಾಳಿ ಬೆರೆತು ಮೂಗಿಗೆ ಬಡಿದದ್ದೇ, ನಾನು ಅಲ್ಲಿದ್ದ ವರ್ಷದ ದಸರಾದಿಂದ ಕಾರ್ತಿಕದವರೆಗಿನ ದಿನಗಳು ಒಟ್ಟಿಗೇ ಎದ್ದು ಬಂದವು. ತಂಗಿ ಶ್ರಾವಣಿಗೆ ನೋವು ಬಂದಿದೆ ಎಂದು ಫೋನ್ ಬಂದಾಗ ನಾನು ಇದೇ ಗಾಡಿಯ ಮುಂದೆ ಕಾಗದದ ತಟ್ಟೆ ಹಿಡಿದು ನಿಂತಿದ್ದೆ.

ಹಾಗೆ ಅಂದುಕೊಂಡ ಕೂಡಲೇ ಅನುಮಾನ ಬಂತು. ಫೋನ್ ಬಂದದ್ದು ಮಧ್ಯಾಹ್ನ. ಗಾಡಿಯವನು ಬರುವುದು ಸಂಜೆ. ಎರಡನ್ನೂ ಸೇರಿಸಿ ಹೊಲಿದವರು ಯಾರು? ನಾನೇ ಇರಬೇಕು. ನೆನಪಿಗೆ ಈ ಚಟವಿದೆ, ಬಿಡಿ ಚೂರುಗಳನ್ನು ಸುಮ್ಮನೆ ಬಿಡುವುದಿಲ್ಲ. ಹಾಗಾಗಿ ಇಲ್ಲಿ ನನಗೆ ಖಾತ್ರಿಯಿಲ್ಲದ್ದನ್ನು ಖಾತ್ರಿಯಿಲ್ಲ ಎಂದೇ ಬರೆಯುತ್ತೇನೆ. ನಮ್ಮ ಮನೆಯಲ್ಲಿ ಒಂದು ನೆನಪನ್ನು ತೀರಾ ಅಚ್ಚುಕಟ್ಟಾಗಿ ಇಟ್ಟುಕೊಂಡದ್ದರಿಂದ ಆ ವರ್ಷ ಒಂದು ಜೀವ, ಸರಿಯಾಗಿ ಹೇಳಬೇಕೆಂದರೆ ಎರಡು, ಹೋಗುವುದರಲ್ಲಿತ್ತು.

ನಾನು ಮುಳಬಾಗಿಲಿನವನು. ಅಮ್ಮನ ಅಕ್ಕ, ನಮ್ಮ ರಾಜಮ್ಮ ದೊಡ್ಡಮ್ಮ, ಮದುವೆಯಾಗಿ ವಿಜಯವಾಡಕ್ಕೆ ಹೋದವಳು. ಅವಳ ಒಬ್ಬಳೇ ಮಗಳು ಶ್ರಾವಣಿ, ನನಗೆ ತಂಗಿಯಾಗಬೇಕು. ನನಗೆ ವಿಶಾಖಪಟ್ಟಣಕ್ಕೆ ವರ್ಗವಾದಾಗ ಅವಳು ಅಲ್ಲೇ ಮಧುರವಾಡದ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಳು, ಗಂಡ ವಂಶಿಯ ಜೊತೆ ಹೊಸ ಅಪಾರ್ಟ್‌ಮೆಂಟಿನಲ್ಲಿದ್ದಳು. ನಾನು ಒಬ್ಬನೇ ಇದ್ದೆನಾದ್ದರಿಂದ ಭಾನುವಾರದ ಊಟ ಅವರ ಮನೆಯಲ್ಲಿ. ಶ್ರಾವಣಿ ಆರಡಿಗೆ ಸ್ವಲ್ಪ ಕಡಿಮೆ ಇದ್ದಳು. ಕೈಬೆರಳುಗಳು ಎಷ್ಟು ಉದ್ದವೆಂದರೆ, ಚಿಕ್ಕಂದಿನಲ್ಲಿ ನೋಡಿದವರೆಲ್ಲ ವೀಣೆ ಕಲಿಸಿ ಎನ್ನುತ್ತಿದ್ದರು. ಶಾಲೆಯ ದಿನದಿಂದಲೂ ದಪ್ಪ ಕನ್ನಡಕ. ಮನೆಯಲ್ಲಿ ಫ್ಯಾನ್ ಒರೆಸಲು ಸ್ಟೂಲ್ ಕೊಂಡಿಲ್ಲ, ಅದಕ್ಕೇ ಇವಳನ್ನು ಮದುವೆಯಾದೆ ಎಂದು ವಂಶಿ ರೇಗಿಸುತ್ತಿದ್ದ. ನನ್ನ ಜೊತೆ ಅವಳು ಹಟ ಹಿಡಿದು ಕನ್ನಡದಲ್ಲೇ ಮಾತಾಡುತ್ತಿದ್ದಳು. ಒಂದು ಭಾನುವಾರ ಹೇಳಿದಳು, "ಅಣ್ಣಯ್ಯಾ, ನಿಂದು ಬ್ಯಾಂಕ್ ಕನ್ನಡ, ಅಮ್ಮಂದು ಮುಳಬಾಗಿಲು ಕನ್ನಡ. ನಂದು ಫ್ರಿಜ್ ಕನ್ನಡ. ಹೊರಗೆ ತೆಗೆದಿಟ್ರೆ ಕೆಟ್ಟುಹೋಗ್ತದೆ."

ಆ ವರ್ಷ ಅವಳು ಬಸುರಿ. ಏಳನೇ ತಿಂಗಳ ಸೀಮಂತವನ್ನು ದಸರಾ ಕಳೆದ ಮೇಲೆ ಇಟ್ಟುಕೊಂಡರು, ಏಕೆಂದರೆ ದಸರಾದಲ್ಲಿ ದೊಡ್ಡಮ್ಮ ಎಲ್ಲಿಗೂ ಬರುವಂತಿರಲಿಲ್ಲ. ಅವಳ ಮನೆ ಇಂದ್ರಕೀಲಾದ್ರಿಯ ಬುಡದ ಒಂದು ಬೀದಿಯಲ್ಲಿದೆ. ಬೆಟ್ಟದ ಮೇಲಿನ ಅಮ್ಮನವರ ದರ್ಶನಕ್ಕೆ ನಿಂತ ಸಾಲು ಆ ಬೀದಿಯವರೆಗೂ ಇಳಿದು ಬರುತ್ತದೆ. ಸಾಲಿನವರಿಗೆಲ್ಲ ಅವಳ ಮನೆಯಲ್ಲಿ ಮಜ್ಜಿಗೆ. ಮಜ್ಜಿಗೆಯ ಜೊತೆ ಒಂದು ಕತೆ, ನಮ್ಮ ದೊಡ್ಡಪ್ಪ ತೀರಿಕೊಂಡ ಕತೆ.

ಅದನ್ನು ನಾನು ಬುದ್ಧಿ ಬಂದಾಗಿನಿಂದ ಕೇಳಿದ್ದೇನೆ. ದೊಡ್ಡಪ್ಪ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟರು. ನಲವತ್ತು ದಾಟಿರಲಿಲ್ಲ, ಒಂದು ದಿನವೂ ಜ್ವರವೆಂದು ಮಲಗಿದವರಲ್ಲ. ದಸರಾದ ಮೂಲಾ ನಕ್ಷತ್ರದ ದಿನ ಅಮ್ಮನವರಿಗೆ ಸರಸ್ವತಿಯ ಅಲಂಕಾರ, ಕಾಲಿಡಲು ಜಾಗವಿರುವುದಿಲ್ಲ. ದೊಡ್ಡಪ್ಪ ತೆಂಗಿನಕಾಯಿ ಹಿಡಿದು ಬೆಟ್ಟ ಹತ್ತಿದರು. ಕೊನೆಯ ಮೆಟ್ಟಿಲ ಮೇಲೆ ಕೂತರು, "ಅಮ್ಮಾ" ಎಂದರು, ಅಷ್ಟೇ. ಮುಖದಲ್ಲಿ ಒಂದು ಸುಕ್ಕಿಲ್ಲ. ನೋವಿಲ್ಲ, ನರಳಾಟವಿಲ್ಲ, ಅನಾಯಾಸದ ಸಾವು. ಅಮ್ಮ ಕರೆಸಿಕೊಂಡಳು ಎಂದು ಬೀದಿ ತೀರ್ಮಾನಿಸಿತು. ಒಂದೊಂದು ವರ್ಷ ಒಂದೊಂದು ವಿವರ ಸೇರುತ್ತಿತ್ತು. ಒಮ್ಮೆ ಗಂಟೆ ತಾನಾಗಿ ಬಾರಿಸಿತು, ಇನ್ನೊಮ್ಮೆ ಅರ್ಚಕರು ಓಡಿ ಬಂದು ಹೂ ಹಾಕಿದರು. ಆ ಕತೆ ದೊಡ್ಡಮ್ಮನನ್ನು ಕಾಪಾಡಿತು ಎನ್ನುವುದೂ ನಿಜ. ಚಿಕ್ಕ ವಯಸ್ಸಿನಲ್ಲಿ ಗಂಡ ಸತ್ತವಳಿಗೆ ಆ ಬೀದಿಯಲ್ಲಿ ಸಿಗಬಹುದಾಗಿದ್ದ ಮಾತುಗಳು ಅವಳಿಗೆ ಸಿಗಲಿಲ್ಲ. ಹಬ್ಬಕ್ಕೆ ಕರೆದರು, ಅವಳ ಕೈಯಿಂದ ಮೊದಲ ಕಾಯಿ ಒಡೆಸಿದರು.

ಸೀಮಂತದ ದಿನವೂ ಹಾಗೇ ಆಯಿತು. ವಂಶಿಯ ತಾಯಿ ಮಡಿಯಲ್ಲಿ ಬಹಳ ಕಟ್ಟುನಿಟ್ಟು. ಆಕೆಯೇ ಬಂದು ದೊಡ್ಡಮ್ಮನ ಕೈ ಹಿಡಿದು ಕರೆದೊಯ್ದು, ಮಗಳಿಗೆ ಮೊದಲ ಹಸಿರು ಬಳೆ ನೀವೇ ತೊಡಿಸಬೇಕು ಎಂದರು. ಎರಡೂ ಕೈ ಮೊಣಕೈಯ ಹತ್ತಿರದವರೆಗೆ ತುಂಬಿದವು. ಕೈ ಊದಿದ್ದರಿಂದ ಬಳೆಗಳು ಬಿಗಿಯಾಗಿ ಕೂತವು. ಹೆರಿಗೆಯವರೆಗೆ ತೆಗೆಯುವ ಹಾಗಿಲ್ಲ. ಊಟದ ಮೇಲೆ ಹೆಂಗಸರು ಕೇಳಿದರೆಂದು ದೊಡ್ಡಮ್ಮ ಮತ್ತೆ ಆ ಕತೆ ಹೇಳಿದಳು. ಶ್ರಾವಣಿ ಬಳೆಗಳನ್ನು ಸದ್ದು ಮಾಡುತ್ತ ಕೇಳುತ್ತಿದ್ದಳು. ಮರುದಿನ ದೊಡ್ಡಮ್ಮ ವಿಜಯವಾಡಕ್ಕೆ ಹೊರಟಳು. ಬಾಣಂತನಕ್ಕೆ ಮಗಳು ಬರುವವಳಿದ್ದಳಲ್ಲ, ಕೋಣೆಗೆ ಸುಣ್ಣ ಹೊಡೆಸಬೇಕಿತ್ತು. ಶ್ರಾವಣಿ ಮುಂದಿನ ವಾರ ರೈಲಿನಲ್ಲಿ ಹೋಗುವುದೆಂದಾಗಿತ್ತು.

ಆ ವಾರ ಕೊಲ್ಲಿಯಲ್ಲಿ ವಾಯುಭಾರ ಕುಸಿತ. ಮೋಡ ಕವಿದು ಉಸಿರು ಕಟ್ಟುವ ಸೆಕೆ ಇತ್ತೆಂದು ನನ್ನ ನೆನಪು. ಬೆಳಗಿನಿಂದ ಮಳೆ ಸುರಿಯುತ್ತಿತ್ತು ಎಂದು ವಂಶಿ ಆಣೆಯಿಟ್ಟು ಹೇಳುತ್ತಾನೆ. ಯಾರದು ಸರಿಯೋ. ಶ್ರಾವಣಿ ಹಾಸಿಗೆಯ ಚಾದರ ಮಡಚುತ್ತಿದ್ದಾಗ ಬೆನ್ನಿನಲ್ಲಿ ನೋವು ಕಾಣಿಸಿತು. ಅವಳು ಚಾದರವನ್ನು ಮಡಚಿ ಮುಗಿಸಿ, ಕುರ್ಚಿಯ ಮೇಲಿಟ್ಟು, ಆಮೇಲೆ ವಂಶಿಯನ್ನು ಕರೆದಳಂತೆ. ಹತ್ತಿರದ ನರ್ಸಿಂಗ್ ಹೋಮಿನಲ್ಲಿ ಇಸಿಜಿ ತೆಗೆದರು, ಬಿ.ಪಿ. ನೋಡಿದರು. ಈಗ ನೋವು ಎಷ್ಟಿದೆ ಎಂದು ಕೇಳಿದರು. ಆ ಹೊತ್ತಿಗೆ ಕಡಿಮೆಯಾಗಿತ್ತು. ಸ್ವಲ್ಪ ಎಂದಳು. ಹೊಟ್ಟೆ ದೊಡ್ಡದಾದಾಗ ಬೆನ್ನು ಹಿಡಿಯುವುದು ಸಹಜ, ಆಸಿಡಿಟಿಯೂ ಇರಬಹುದು ಎಂದು ಮಾತ್ರೆ ಕೊಟ್ಟು ಕಳಿಸಿದರು. ಅವರು ಕಂಡದ್ದರ ಪ್ರಕಾರ ಅದು ತಪ್ಪೂ ಅಲ್ಲ.

ಮಧ್ಯಾಹ್ನ ಅವಳಿಗೆ ಉಸಿರು ಸಾಲದಾಯಿತು. ಗಂಟಲು, ದವಡೆ ಬಿಗಿಯುತ್ತಿದೆ ಎಂದಳು. ವಂಶಿ ನನಗೆ ಫೋನ್ ಮಾಡಿದ. ನಾನು ಶಾಖೆಯಿಂದ ನೇರ ದೊಡ್ಡ ಆಸ್ಪತ್ರೆಗೆ ಹೋದಾಗ ಅವಳನ್ನು ತುರ್ತು ವಿಭಾಗದಲ್ಲಿ ಒರಗಿಸಿ ಕೂರಿಸಿದ್ದರು. ನೋಡಲು ಬಂದದ್ದು ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಈಗ ಎಷ್ಟು ನೋವಿದೆ ಎಂದು ಅವರು ಕೇಳಲೇ ಇಲ್ಲ. ಬೆಳಿಗ್ಗೆ ಮೊದಲ ಸಲ ಬಂದ ನೋವು ಮೆಲ್ಲಗೆ ಏರಿತೋ, ಒಮ್ಮೆಗೇ ಬಂತೋ ಎಂದು ಕೇಳಿದರು.

ಒಮ್ಮೆಗೇ, ಎಂದಳು ಶ್ರಾವಣಿ.

ಎಲ್ಲಿ ಶುರುವಾಗಿ ಎಲ್ಲಿಗೆ ಹೋಯಿತು?

ಬೆನ್ನಿನ ಮೇಲ್ಗಡೆ, ರೆಕ್ಕೆಮೂಳೆಗಳ ನಡುವೆ ಶುರುವಾಗಿ ಸೊಂಟದವರೆಗೆ ಇಳಿಯಿತು. ಬಟ್ಟೆ ಹರಿದ ಹಾಗೆ ಇತ್ತು. ಅಷ್ಟು ಹೇಳಿ ಅವಳು, ಜಾಸ್ತಿ ಹೇಳಿಬಿಟ್ಟೆನೇನೋ ಎಂಬಂತೆ ನಮ್ಮ ಮುಖ ನೋಡಿದಳು.

ಡಾಕ್ಟರ್ ಅವಳ ಬೆರಳುಗಳನ್ನು ನೋಡಿದರು. ಅವುಗಳ ಉದ್ದ ತಿಳಿಯಲು ಒಂದು ಕೈಯಿಂದ ಇನ್ನೊಂದು ಮಣಿಕಟ್ಟನ್ನು ಸುತ್ತಿ ಹಿಡಿಯಲು ಹೇಳಿದರು. ಬಳೆಗಳಿಂದಾಗಿ ಆಗಲಿಲ್ಲ. ನಾಡಿ ನೋಡಬೇಕೆಂದರೂ ಬಳೆಗಳೇ ಅಡ್ಡ. ತೆಗೆಯಬಾರದು ಎಂದು ವಂಶಿಯ ತಾಯಿ ಮೆತ್ತಗೆ ಹೇಳಿದರು. ತೆಗೆಯುವುದಿಲ್ಲಮ್ಮಾ ಎನ್ನುತ್ತ ಡಾಕ್ಟರ್ ಒಂದೊಂದೇ ಬಳೆಯನ್ನು ಮೇಲಕ್ಕೆ ಸರಿಸಿ, ಎರಡು ಮಣಿಕಟ್ಟುಗಳನ್ನೂ ಒಟ್ಟಿಗೇ ಹಿಡಿದು, ಕಣ್ಣು ಮುಚ್ಚಿ ನಿಂತರು. ಆಮೇಲೆ ಎರಡೂ ತೋಳಿಗೆ ಬಿ.ಪಿ. ಪಟ್ಟಿ ಕಟ್ಟಿಸಿದರು. ಎಡತೋಳಿನಲ್ಲಿ ಕಡಿಮೆ ಬಂತು.

ಹೊರಗೆ ಬಂದು ನಮಗೆ ಹೇಳಿದ್ದು ಇದು. ಬಸುರಿಯರಿಗೆ ಹೀಗೆ ಉಸಿರು ಕಟ್ಟಿದರೆ ಮೊದಲು ಬರುವ ಅನುಮಾನ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದು. ಅದಾಗಿದ್ದರೆ ರಕ್ತ ತೆಳುವಾಗುವ ಇಂಜೆಕ್ಷನ್ ತಡಮಾಡದೆ ಕೊಡಬೇಕು. ಹಿರಿಯ ಡಾಕ್ಟರು ಕೊಡಲು ಹೇಳಿದ್ದಾರೆ, ಸಿರಿಂಜ್ ತುಂಬಿ ಇಟ್ಟಾಗಿದೆ. ಆದರೆ ತಮಗೆ ಇನ್ನೊಂದು ಅನುಮಾನವಿದೆ. ಹೃದಯದಿಂದ ಹೊರಟು ಬೆನ್ನುಗುಂಟ ಇಳಿಯುವ ಮಹಾಪಧಮನಿ, ದೇಹದ ಎಲ್ಲಕ್ಕಿಂತ ದೊಡ್ಡ ರಕ್ತನಾಳ, ಒಳಗೆ ಹರಿದಿರಬಹುದು. ಅದಾಗಿದ್ದರೆ ಆ ಇಂಜೆಕ್ಷನ್ ಕೊಟ್ಟಮೇಲೆ ರಕ್ತ ನಿಲ್ಲಿಸುವುದು ಕಷ್ಟ. ಇದು ಅಪರೂಪ, ತೋಳುಗಳ ನಡುವೆ ಬಂದ ವ್ಯತ್ಯಾಸ ಅಂಥ ದೊಡ್ಡದೂ ಅಲ್ಲ. ಆದರೆ ಈ ಎತ್ತರ, ಈ ಬೆರಳು, ಈ ಕನ್ನಡಕ ಕೆಲವು ಮನೆತನಗಳಲ್ಲಿ ರಕ್ತನಾಳದ ದೌರ್ಬಲ್ಯದ ಜೊತೆಗೇ ಬರುತ್ತವೆ. "ಇವರ ಕಡೆ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡಿದ್ದಾರಾ?"

ವಂಶಿ ಹೇಳಿದ, ಮಾವ ಚಿಕ್ಕ ವಯಸ್ಸಿನಲ್ಲೇ ಹೋದರು. ಆದರೆ ಅದು ಕಾಯಿಲೆಯಲ್ಲ, ಬೆಟ್ಟದ ಮೇಲೆ, ನೋವೇ ಇಲ್ಲದೆ. ಅವನ ತಾಯಿ ಕೈಮುಗಿದು, ಪುಣ್ಯದ ಸಾವು ಎಂದರು. ಡಾಕ್ಟರ್ ನಿಧಾನವಾಗಿ ತಲೆಯಾಡಿಸಿದರು. ನೋವಿಲ್ಲ ಎಂದರೆ ಅದು ನಾಳ ಹರಿದು ಬಂದ ಸಾವಾಗಿರುವ ಸಾಧ್ಯತೆ ಕಡಿಮೆ. ಅವರು ಸಿರಿಂಜ್ ಇದ್ದ ಕೋಣೆಯ ಕಡೆ ತಿರುಗಿದರು. ನಾನು, ಒಂದು ನಿಮಿಷ ಇರಿ, ಎಂದೆ.

ನಾನು ಯಾಕೆ ಹಾಗೆಂದೆ? ಆ ಕತೆ ಎಷ್ಟು ನಯವಾಗಿತ್ತೆಂದರೆ ಅದರಲ್ಲಿ ದೊಡ್ಡಪ್ಪನಿಗೆ ಬೆವರು ಸಹ ಬಂದಿರಲಿಲ್ಲ. ಆ ಬೆಟ್ಟ ಹತ್ತಿದ ಯಾರಿಗೂ ಹಾಗಾಗುವುದಿಲ್ಲ. ಇದು ಆಗ ಹೊಳೆದದ್ದೋ, ಆಮೇಲೆ ಹೊಂದಿಸಿಕೊಂಡ ಕಾರಣವೋ ಹೇಳಲಾರೆ. ಫೋನ್ ಮಾಡಿದೆ. ವಿಜಯವಾಡದಲ್ಲಿ ದೊಡ್ಡಮ್ಮ ಎತ್ತಿದಳು.

"ದೊಡ್ಡಮ್ಮಾ, ದೊಡ್ಡಪ್ಪ ಹೋಗಿದ್ದು ಹೇಗೆ?"

"ಇದೇನು ಗೋಪಿ, ಹೊಸಬನ ಥರ ಕೇಳ್ತೀಯ? ಮೂಲಾ ನಕ್ಷತ್ರದ ದಿನ, ಕಾಯಿ ಹಿಡ್ಕೊಂಡು..."

"ಅದಲ್ಲ. ಶ್ರಾವಣಿ ಆಸ್ಪತ್ರೇಲಿದ್ದಾಳೆ. ಬೆನ್ನಲ್ಲಿ ನೋವು ಬಂದು ಸೊಂಟಕ್ಕಿಳೀತಂತೆ. ಡಾಕ್ಟರ್ ಇಲ್ಲೇ ನಿಂತಿದ್ದಾರೆ. ನೋವಾಗಿತ್ತಾ ದೊಡ್ಡಪ್ಪಂಗೆ?"

ಆ ಕಡೆ ಬಹಳ ಹೊತ್ತು ಮೌನವಿತ್ತು ಎಂದು ನನ್ನ ನೆನಪು ಹೇಳುತ್ತದೆ. ಇಡೀ ಮಾತುಕತೆಯೇ ಒಂದು ಲೋಟ ಕಾಫಿ ಆರುವಷ್ಟರಲ್ಲಿ ಮುಗಿದಿತ್ತು ಎಂದು ವಂಶಿ ಹೇಳುತ್ತಾನೆ.

"ಕೂಗ್ಕೊಂಡ್ರು ಗೋಪಿ," ಎಂದಳು. "ಅರ್ಧ ಮೆಟ್ಲೂ ಹತ್ತಿರಲಿಲ್ಲ. ಬೆನ್ನು ಸೀಳ್ತಾವ್ರೆ ಅಂತ ಕೂಗ್ಕೊಂಡ್ರು. ಸಾಲೆಲ್ಲ ತಿರುಗಿ ನೋಡ್ತು. ಕೂರಕ್ಕಾಗ್ದು, ನಿಲ್ಲಕ್ಕಾಗ್ದು. ಕೈ ಹಿಡ್ಕೊಂಡಿದ್ದೆ, ಆ ಕೈ ತಣ್ಣಗಾಗೋಯ್ತು. ಇನ್ನೊಂದು ಬಿಸಿ ಇತ್ತು. ಕೆಳಗಿಳಿಸಿ ಆಟೋಗೆ ಹಾಕಿದ್ವಿ. ಟೈರ್ ಅಂಗಡಿ ಮುಂದೆ ಉಸಿರು ಹೋಯ್ತು. ಅಮ್ಮಾ ಅಂದಿದ್ದು ನಿಜ. ಮೇಲಿರೋ ಅಮ್ಮನ್ನ ಕರೆದ್ರೋ, ಹೆತ್ತೋಳನ್ನ ಕರೆದ್ರೋ, ನಂಗೊತ್ತಿಲ್ಲ."

ನಾನು ಹೇಳುತ್ತ ಹೋದಂತೆ ಡಾಕ್ಟರ್ ಫೋನನ್ನೇ ಕೇಳಿ ಪಡೆದರು. ತೆಲುಗಿನಲ್ಲಿ ಎರಡು ಪ್ರಶ್ನೆ ಕೇಳಿದರು: ಯಾವ ಕೈ, ಆಗ ಅವರ ವಯಸ್ಸೆಷ್ಟು. ಫೋನ್ ನನ್ನ ಕೈಗಿಟ್ಟು ಒಳಗೆ ಹೋಗಿ, ಸಿರಿಂಜ್ ಇದ್ದ ಟ್ರೇಯನ್ನು ಎತ್ತಿಸಿ, ಎಕೋ ಯಂತ್ರವನ್ನು ಮಂಚದ ಪಕ್ಕಕ್ಕೆ ತರಿಸಿದರು. ಪರದೆಯ ಮೇಲೆ ಹೃದಯದಿಂದ ಹೊರಡುವಲ್ಲೇ ಆ ನಾಳ ಉಬ್ಬಿತ್ತು. ಅದರೊಳಗೆ ಇರಬಾರದ ಒಂದು ತೆಳು ಪೊರೆ ಪ್ರತಿ ಬಡಿತಕ್ಕೂ ಅಲುಗುತ್ತಿತ್ತು. ಸಿ.ಟಿ. ಸ್ಕ್ಯಾನ್ ಅದನ್ನು ಖಚಿತಪಡಿಸಿತು. ಮಗುವಿಗೆ ಕಿರಣ ತಾಗುತ್ತದಲ್ಲ ಎಂದು ವಂಶಿ ಕೇಳಿದಾಗ, ತಾಯಿ ಇದ್ದರೆ ತಾನೇ ಮಗು, ಎಂದರು ಹಿರಿಯ ಡಾಕ್ಟರು. ಅವರೇ ನಮಗೆ ಅರ್ಥವಾಗುವ ಹಾಗೆ ವಿವರಿಸಿದರು. ಕೋಟಿನ ತೋಳಿನಲ್ಲಿ ಒಳಬಟ್ಟೆ ಹರಿದಿದ್ದರೆ, ಕೈ ತೂರಿಸುವಾಗ ಅದು ತಪ್ಪಿ ಹೊರಬಟ್ಟೆಗೂ ಒಳಬಟ್ಟೆಗೂ ನಡುವೆ ಹೋಗುತ್ತದಲ್ಲ, ಇಲ್ಲಿ ರಕ್ತ ಹಾಗೆ ಹೋಗಿದೆ. ಹರುಕು ಮುಂದಕ್ಕೆ ಬಿಚ್ಚುತ್ತಾ ಹೋದಂತೆ ಕೈಗೆ, ತಲೆಗೆ ಹೋಗುವ ದಾರಿಗಳು ಒಂದೊಂದಾಗಿ ಮುಚ್ಚುತ್ತವೆ. ಹೊರಪದರವೂ ಒಡೆದರೆ ಮುಗಿಯಿತು.

ಮೊದಲು ಮಗುವನ್ನು ತೆಗೆದು, ಅದೇ ಮೇಜಿನ ಮೇಲೆ ಎದೆ ತೆರೆಯುವುದೆಂದಾಯಿತು. ಒಳಗೆ ಒಯ್ಯುವ ಮೊದಲು ಬಳೆಗಳನ್ನು ತೆಗೆಯಲೇಬೇಕಿತ್ತು. ಈ ಸಲ ವಂಶಿಯ ತಾಯಿಯೇ ಸೋಪಿನ ನೀರು ಕೇಳಿ ತರಿಸಿಕೊಂಡರು, ಒಂದನ್ನೂ ಒಡೆಯದೆ ಕಳಚಿದರು. ಹೆಣ್ಣು ಮಗು. ಎರಡು ಅಂಗೈಯಲ್ಲಿ ಹಿಡಿಯುವಷ್ಟು, ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಹರಿದ ನಾಳದ ಜಾಗಕ್ಕೆ ಕೃತಕ ಕೊಳವೆ ಹೊಲಿದದ್ದಾಯಿತು ಎಂಬ ಸುದ್ದಿ ಮರುದಿನ ಬೆಳಿಗ್ಗೆ ಬಂತು. ದೊಡ್ಡಮ್ಮ ಬರುವಷ್ಟರಲ್ಲಿ ಮಳೆ ನಿಂತಿರಲಿಲ್ಲ, ಅಥವಾ ಶುರುವಾಗಿತ್ತು. ಅವಳು ಯಾರನ್ನೂ ಏನೂ ಕೇಳದೆ ಐ.ಸಿ.ಯು. ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಳು. ಅದು ಅವಳ ಕುರ್ಚಿಯೇ ಆಯಿತು. ಕಾರ್ತಿಕ ಮಾಸದ ಮೊದಲರ್ಧ ಅಲ್ಲೇ ಕಳೆಯಿತು.

ಶ್ರಾವಣಿಗೆ ಮಾತಾಡುವಷ್ಟು ಶಕ್ತಿ ಬಂದ ದಿನ ನಾನೂ ಒಳಗಿದ್ದೆ. ವಂಶಿ ಎಲ್ಲ ಹೇಳಿದ್ದ. ಅವಳು ತಾಯಿಯನ್ನು ಕೇಳಿದಳು, "ನಾನ್ನ ಕೂಗಿದ್ರಂತೆ. ನಿಜಾನಾ?" ನಾನ್ನ ಎಂದರೆ ಅಪ್ಪ.

"ನಿಜ," ಎಂದಳು ದೊಡ್ಡಮ್ಮ.

"ಒಳ್ಳೇದಾಯ್ತು. ಅವರ ಮಗಳಾಗಿ ಇಷ್ಟಕ್ಕೇ ಕೂಗ್ಬಾರ್ದು ಅಂತ ಬಾಯಿಗೆ ಚಾದರ ಒತ್ಕೊಂಡಿದ್ದೆ ಅಮ್ಮಾ."

ದೊಡ್ಡಮ್ಮ ಮಗಳ ಕಾಲಿನ ಮೇಲಿದ್ದ ಹೊದಿಕೆಯನ್ನು ಸರಿಮಾಡಿದಳು, ಸರಿಯಾಗಿದ್ದದ್ದನ್ನು ಮತ್ತೆ ಸರಿಮಾಡಿದಳು.

ಶ್ರಾವಣಿಯನ್ನು ವಾರ್ಡಿನಿಂದ ಬಿಡುವ ಮೊದಲು ನಾನು ಆ ಡಾಕ್ಟರಮ್ಮನಿಗೆ ಕೈಮುಗಿದೆ. ಅವರು ನನ್ನ ಪಾತ್ರವನ್ನು ಅಷ್ಟೇನೂ ದೊಡ್ಡದಾಗಲು ಬಿಡಲಿಲ್ಲ. ನೀವು ಫೋನ್ ಮಾಡದಿದ್ದರೂ ಎಕೋ ಮಾಡಿಸುತ್ತಿದ್ದೆ ಎಂದರು. ಮತ್ತೆ ತಾವೇ, ಆದರೆ ಅಷ್ಟರಲ್ಲಿ ಇಂಜೆಕ್ಷನ್ ಹೋಗಿರುತ್ತಿತ್ತು, ಎಂದರು. ಇದು ಮನೆತನದಲ್ಲಿ ಇಳಿದು ಬರುವಂಥದು. ಪುಟ್ಟ ಮಗುವಿಗೆ ಆಗಾಗ ಎಕೋ ಮಾಡಿಸಬೇಕು. ತಂದೆಯ ಕಡೆಯ ರಕ್ತಸಂಬಂಧಿಗಳೆಲ್ಲ ಒಮ್ಮೆ ತೋರಿಸಿಕೊಳ್ಳಲಿ, ಅದರಲ್ಲೂ ಎತ್ತರವಿರುವವರು. ನಾಳ ಉಬ್ಬಿದ್ದು ಮೊದಲೇ ತಿಳಿದರೆ ಹರಿಯುವ ಮುಂಚೆ ಮಾಡಲು ಬೇಕಾದಷ್ಟಿದೆ. ದೊಡ್ಡಮ್ಮ ಆ ಮಾತನ್ನು ಎರಡು ಸಲ ಹೇಳಿಸಿಕೊಂಡಳು.

ಮೂರನೇ ಕಾರ್ತಿಕ ಸೋಮವಾರ ನಾನು ರಜೆ ಹಾಕಿ ಅವಳ ಜೊತೆ ವಿಜಯವಾಡಕ್ಕೆ ಹೋದೆ. ದೊಡ್ಡಪ್ಪನ ತಮ್ಮ ಸಾಂಬಯ್ಯ ಅದೇ ಬೀದಿಯ ಇನ್ನೊಂದು ತುದಿಯಲ್ಲಿದ್ದಾರೆ. ಆ ದಿನ ಆಟೋದ ಹಿಂದೆ ಓಡಿ ಬಂದವರು, ಮನೆಯ ಮುಂದೆ ಸೇರಿದ ಜನಕ್ಕೆ, ಅಣ್ಣ ನೋವೇ ಇಲ್ಲದೆ ಹೋದ ಎಂದು ಮೊದಲು ಹೇಳಿದವರು ಅವರೇ ಎಂದು ದೊಡ್ಡಮ್ಮ ರೈಲಿನಲ್ಲಿ ನನಗೆ ತಿಳಿಸಿದಳು. ಅವಳ ಮುಖ ನೋಡಲಾರದೆ ಹಾಗೆಂದರಂತೆ. ಅವಳೂ ಅದನ್ನು ಹಿಡಿದುಕೊಂಡಳು.

ಉಪವಾಸದ ದಿನವಾದ್ದರಿಂದ ಅವರು ಹಾಲು ಬಿಸಿಮಾಡಿಸಿ ತರಿಸಿದರು. ದೊಡ್ಡಮ್ಮ ಲೋಟ ಮುಟ್ಟಲಿಲ್ಲ. ಎಲ್ಲವನ್ನೂ ಹೇಳಿದಳು, ಮೆಟ್ಟಿಲು, ಕೂಗು, ತಣ್ಣಗಾದ ಕೈ, ಟೈರ್ ಅಂಗಡಿ. ಮಾತು ನಡೆದದ್ದು ತೆಲುಗಿನಲ್ಲಿ, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಸಾಂಬಯ್ಯ ಅತ್ತಿಗೆಯ ಕಡೆ ನೋಡದೆ ಕೇಳಿಸಿಕೊಂಡರು.

"ಇಷ್ಟು ವರ್ಷ ಆದಮೇಲೆ ಅಣ್ಣನನ್ನ ಅಮ್ಮನ ಪಾದದಿಂದ ಎಳೆದು ಬೀದಿಗೆ ಹಾಕ್ತೀರಾ ವದಿನಾ? ನಾಳೆಯಿಂದ ಈ ಬೀದಿಯವರು ನಿಮ್ಮನ್ನ ಏನಂತಾರೆ, ಯೋಚಿಸಿದ್ದೀರಾ?"

"ಏನಾದರೂ ಅನ್ನಲಿ. ನಿಮ್ಮಣ್ಣ ಪಾದದ ಹತ್ತಿರಾನೇ ಇರಲಿ ಬಿಡಿ, ನಾನು ಬೇಡ ಅನ್ನಲ್ಲ. ನಿಮ್ಮ ಮಗನ್ನ ಆಸ್ಪತ್ರೆಗೆ ಕಳಿಸಿ."

ಸಾಂಬಯ್ಯ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು. ಒಳಕೋಣೆಯಿಂದ ಮಗ ಪವನ್ ಬಂದ. ಬಾಗಿಲ ಪಟ್ಟಿ ತಲೆಗೆ ತಾಗದ ಹಾಗೆ ಬಗ್ಗಿದ. ಎಲ್ಲ ಕೇಳಿಸಿಕೊಂಡಿದ್ದ ಎಂದು ಕಾಣುತ್ತದೆ. ಅವಳ ಎದುರು ನೆಲದ ಮೇಲೆ ಕೂತು, ತಂದೆಯ ಬೆನ್ನನ್ನೊಮ್ಮೆ ನೋಡಿ, ತಗ್ಗಿದ ದನಿಯಲ್ಲಿ ಕೇಳಿದ.

"ಎಲ್ಲಿ ನೋವಂದರು, ಪೆದ್ದಮ್ಮಾ?"

ದೊಡ್ಡಮ್ಮ ಅವನನ್ನು ತಿರುಗಿ ಕೂರಲು ಹೇಳಿದಳು. ಅವನ ಅಂಗಿಯ ಮೇಲೆ, ಎರಡು ರೆಕ್ಕೆಮೂಳೆಗಳ ನಡುವೆ, ಅಂಗೈ ಇಟ್ಟಳು. ಆಮೇಲೆ ಅದನ್ನು ನಿಧಾನವಾಗಿ, ಎಲ್ಲೂ ಎತ್ತದೆ, ಸೊಂಟದವರೆಗೆ ಇಳಿಸಿದಳು.